ಅಜ್ಜನ ಕಣ್ಣಿಗೆ ಕಟ್ಟಿದ ಟವೆಲು

ಗಾಳಿಬೀಡಿನಲ್ಲಿ ಯಾರು ಬೋರ್‌ವೆಲ್ ಕೊರೆಸುವುದಿದ್ದರೂ ಮೊದಲು ಗಾನವಿಯ ಅಜ್ಜ ಸಾಂತಪ್ಪನನ್ನು ಕರೆಯುತ್ತಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಅಜ್ಜ ತೋಟವೆಲ್ಲ ಸುತ್ತುತ್ತಿದ್ದ. ಕಾಯಿ ಎದ್ದು ನಿಂತ ಕಡೆ ನೀರಿದೆ ಎಂದು ಲೆಕ್ಕ. ಅದೆಲ್ಲ ನಡೆದದ್ದು ವಿಜ್ಞಾನದ ಮೇಷ್ಟ್ರು ವಿಷ್ಣುಪ್ರಸಾದ್ ಶಾಲೆಗೆ ಬರುವ ತನಕ.

"ನಂಬಬೇಡಿ, ಪರೀಕ್ಷೆ ಮಾಡಿ. ಮನೆಯವರು ಅಂತ ಬಿಡಬೇಡಿ," ಎಂದಿದ್ದರು ಮೇಷ್ಟ್ರು. ತರಗತಿಯಲ್ಲಿ ಆ ಮಾತನ್ನು ತಲೆಗೆ ಹಚ್ಚಿಕೊಂಡವಳು ಗಾನವಿ ಒಬ್ಬಳೇ. ವಿಜ್ಞಾನ ದಿನದಂದು ಶಾಲೆಯ ಮೈದಾನದಲ್ಲಿ, ಇಡೀ ಊರಿನೆದುರು, ಅಜ್ಜನ ಹೆಗಲ ಟವೆಲಿನಿಂದಲೇ ಅಜ್ಜನ ಕಣ್ಣು ಕಟ್ಟಿದಳು. ಅದೇ ಜಾಗದಲ್ಲಿ ಮತ್ತೆ ಮತ್ತೆ ಸುತ್ತಿಸಿದಾಗ ಕಾಯಿ ಒಂದೊಂದು ಸಲ ಒಂದೊಂದು ಕಡೆ ಎದ್ದಿತು. ಊರು ನಕ್ಕಿತು. ಮೇಷ್ಟ್ರು ಅವಳ ಬೆನ್ನು ತಟ್ಟಿದರು. ಅಜ್ಜ ಮತ್ತೆ ಕಾಯಿ ಮುಟ್ಟಲಿಲ್ಲ, ಅವಳ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ನಿಜ ಹೇಳುವವರು ಇಷ್ಟನ್ನಾದರೂ ಸಹಿಸಬೇಕು ಎಂದು ಗಾನವಿ ತನಗೆ ತಾನೇ ಹೇಳಿಕೊಂಡಿದ್ದಳು.

ಈ ಭಾನುವಾರ ಅದೇ ಮೇಷ್ಟ್ರು ಅಂಗಳಕ್ಕೆ ಬಂದರು, ಕೈಯಲ್ಲೊಂದು ತೆಂಗಿನಕಾಯಿ ಹಿಡಿದು.

"ಮಡಿಕೇರೀಲಿ ಮನೆ ಕಟ್ಟಿಸ್ತಿದ್ದೇನೆ ಸಾಂತಪ್ಪಣ್ಣ. ನೀವೊಮ್ಮೆ ಬಂದು ನೀರು ನೋಡಿ ಕೊಡಬೇಕಿತ್ತು."

"ನಾ ಅದ್ನ ಬಿಟ್ಟೊಳೆ ಮಾಷ್ಟ್ರೇ," ಎಂದ ಅಜ್ಜ, ಬಿಟ್ಟಾಗಿದೆ ಎಂಬಂತೆ ಕೈ ಆಡಿಸಿ.

"ಶಾಲೇದು ಬೇರೆ, ಮನೇದು ಬೇರೆ ಅಲ್ವಾ?" ಎಂದು ಮೇಷ್ಟ್ರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಗಾನವಿಯನ್ನು ಕಂಡದ್ದೇ ನಗು ಅರ್ಧಕ್ಕೆ ನಿಂತಿತು.

ಅವಳು ಒಳಗೆ ಹೋಗಿ ಆ ಟವೆಲನ್ನೇ ತಂದು ಮೇಷ್ಟ್ರ ಕೈಗೆ ಕೊಟ್ಟಳು.

"ಈ ಸಲ ಅಜ್ಜನ ಕಣ್ಣು ನೀವೇ ಕಟ್ಟಿ ಸಾರ್."