ಮಂಗಳಮ್ಮನ ಎತ್ತರಕ್ಕೊಂದು ಮಷಿನ್

ಹನಗೋಡಿನ ಮಂಗಳಮ್ಮ ಒಂದು ವಿಷಯದಲ್ಲಿ ಯಾರ ಮಾತನ್ನೂ ಕೇಳಿದವಳಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋದರೆ, ಬಿಚ್ಚಿದ ಸೀರೆ, ಲಂಗ, ರವಿಕೆಯನ್ನು ಅಲ್ಲೇ ಕುಕ್ಕಿ ಹಿಂಡಿ, ಹೆಗಲ ಮೇಲೆ ಹಾಕಿಕೊಂಡೇ ಹೊರಗೆ ಬರಬೇಕು. ಮದುವೆಯಾಗಿ ಈ ಮನೆಗೆ ಬಂದ ಮಾರನೆಯ ದಿನದಿಂದ ನಡೆದು ಬಂದದ್ದು. ಉಟ್ಟು ಬಿಟ್ಟ ಬಟ್ಟೆ ಇನ್ನೊಬ್ಬರ ಕೈಗೆ ಕಾಯುತ್ತಾ ಬಚ್ಚಲಲ್ಲಿ ಬಿದ್ದಿರಬಾರದು ಅಂತ ತವರಿನಲ್ಲಿ ಅವ್ವ ಹೇಳಿಕೊಟ್ಟಿದ್ದಳು. ಜ್ವರ ಬಂದು ಮೈ ಕೆಂಡವಾಗಿದ್ದ ದಿನಗಳಲ್ಲೂ ಮಂಗಳಮ್ಮ ಇದನ್ನು ತಪ್ಪಿಸಿರಲಿಲ್ಲ.

ಕಳೆದ ಕಾರ್ತಿಕದಲ್ಲಿ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು ನೋಡಿ, ಅಲ್ಲಿಗೆ ಎಲ್ಲ ತಲೆಕೆಳಗಾಯಿತು. ಎಡಗೈ ಮಣಿಕಟ್ಟು ಮುರಿದು ಒಳಗೆ ಪ್ಲೇಟು ಕೂರಿಸಿದರು. ಕುಕ್ಕುವುದು, ಹಿಂಡುವುದು ಇನ್ನು ಈ ಜನ್ಮಕ್ಕೆ ಬೇಡ ಅಂದರು ಮೈಸೂರಿನ ಡಾಕ್ಟರು. ಹೇಳುವುದೇನು, ಬಾಯಿ ಇದೆ ಹೇಳಿದರು. ಬಟ್ಟೆಯ ಗತಿ?

ಐದು ತಿಂಗಳಿಂದ ಒಗೆಯುತ್ತಿದ್ದವಳು ಸೊಸೆ ಪುಷ್ಪಾ. ಮಿರ್ಲೆಯ ಹುಡುಗಿ. ಊರಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸ. ಬೆಳಿಗ್ಗೆ ಐದೂವರೆಗೆ ಹೋದರೆ ಎಂಟಕ್ಕೆ ಬರುವಳು, ಬಂದವಳೇ ಬಚ್ಚಲ ಮೂಲೆಯ ಬಕೆಟ್ಟಿಗೆ ಕೈ ಹಾಕುವಳು. ಒಂದು ದಿನ ಮುಖ ಸಿಂಡರಿಸಿದವಳಲ್ಲ, ಒಂದು ಮಾತು ಆಡಿದವಳಲ್ಲ. ಅದೇ ಕಷ್ಟಕ್ಕಿಟ್ಟುಕೊಂಡಿದ್ದು! ಸೊಸೆ ಒಮ್ಮೆಯಾದರೂ ಗೊಣಗಿದ್ದರೆ ಮಂಗಳಮ್ಮ ಚೆನ್ನಾಗಿ ಒಂದು ಜಗಳ ತೆಗೆದು ಹಗುರಾಗುತ್ತಿದ್ದಳು. ತನ್ನ ಲಂಗವನ್ನು ಸೊಸೆ ಕೊಡವಿ ದಾರದ ಮೇಲೆ ಹರವುವ ಹೊತ್ತಿಗೆ ಅವಳು ಹಿತ್ತಲಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ನಾಚಿಕೆ. ಅರವತ್ತೆರಡನೆಯ ವಯಸ್ಸಿನಲ್ಲಿ ಎಳೆಮಗುವಿನ ಹಾಗೆ ಬಟ್ಟೆ ಒಗೆಸಿಕೊಳ್ಳುವ ನಾಚಿಕೆ. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಹಾಗಾಗಿ ಬೆಳೆದ ಹೊಗೆಸೊಪ್ಪಿನ ಹರಾಜು ಮುಗಿದು ದುಡ್ಡು ಕೈಗೆ ಬಂದ ವಾರ ಮಗ ಬಸವಪ್ರಸಾದ್ ಊಟಕ್ಕೆ ಕೂತು, "ಅವ್ವಂಗೆ ಒಂದು ವಾಷಿಂಗ್ ಮಷಿನ್ ತಂದ್ಬುಡಾಣ" ಅಂದಾಗ, ಮಂಗಳಮ್ಮ ಮುದ್ದೆ ಮುರಿಯುತ್ತಿದ್ದವಳು ತಲೆ ಎತ್ತಿ, "ಯಾವತ್ತು ಓಗಾಣ?" ಎಂದಳು. ಫ್ರಿಜ್ಜು ತಂದಾಗ ತಿಂಗಳು ಮುಖ ಊದಿಸಿಕೊಂಡಿದ್ದ ಹೆಂಗಸು ಇವಳೇನಾ ಅಂತ ಗಂಡ ಗುರುಮಲ್ಲಪ್ಪ ಕೈ ತುತ್ತು ಕೈಯಲ್ಲೇ ಬಿಟ್ಟು ನೋಡಿದ. ಅವಳ ಲೆಕ್ಕ ಅವಳಿಗೆ ಗೊತ್ತು. ಬಟ್ಟೆಯನ್ನು ತಾನೊಬ್ಬಳೇ ಹಾಕಿ, ತಾನೊಬ್ಬಳೇ ತೆಗೆಯುವಂತಿದ್ದರೆ ಆಯಿತು. ಮಿಕ್ಕಿದ್ದು ಏನಾದರೂ ಮಾಡಿಕೊಳ್ಳಲಿ ಆ ಮಷಿನ್ನು.

ಹುಣಸೂರಿನ ಅಂಗಡಿಗೆ ಮೂವರೂ ಹೋದರು. ಪುಷ್ಪಾಳಿಗೆ ಡೈರಿ ಬಿಟ್ಟು ಬರುವ ಹಾಗಿರಲಿಲ್ಲ.

ಅಂಗಡಿಯಲ್ಲಿ ಪವಿತ್ರಾ ಅನ್ನುವ ಹುಡುಗಿ, ಕೊರಳಿಗೆ ಗುರುತಿನ ಚೀಟಿ ತೂಗಿಹಾಕಿಕೊಂಡು, ನಗುನಗುತ್ತಾ ಎದುರಾದಳು. ಎರಡು ಜಾತಿ ಮಷಿನ್ನನ್ನೂ ಅಕ್ಕಪಕ್ಕ ತೋರಿಸಿದಳು. "ನೋಡಿ ಅಮ್ಮ, ಇದು ಫ್ರಂಟ್ ಲೋಡು, ಬಾಗಿಲು ಮುಂದೆ. ನೀರು ಕಮ್ಮಿ ಕುಡಿಯುತ್ತೆ, ಕರೆಂಟೂ ಕಮ್ಮಿ, ಬಿಸಿನೀರು ತಾನೇ ಕಾಯಿಸ್ಕೊಳ್ಳುತ್ತೆ. ಆದ್ರೆ ನಿಧಾನ, ರೇಟೂ ಜಾಸ್ತಿ. ಅದು ಟಾಪ್ ಲೋಡು, ಮುಚ್ಚಳ ಮೇಲೆ. ಬೇಗ ಮುಗಿಸುತ್ತೆ, ಮರೆತ ಬಟ್ಟೆ ಮಧ್ಯದಲ್ಲೂ ಹಾಕ್ಬೋದು, ಬಗ್ಗೋ ಕೆಲ್ಸ ಇಲ್ಲ."

"ಮುಂದ್ಗಡೆ ಬಾಗ್ಲು ಇದ್ರೆ ನೀರೆಲ್ಲಾ ಆಚೆಗೆ ಚೆಲ್ಲಾಕಿಲ್ವೇನವ್ವಾ?" ಎಂದು ಗುರುಮಲ್ಲಪ್ಪ ಕೇಳಿದ.

"ಇಲ್ಲ ಸರ್, ಶುರುವಾದ ತಕ್ಷಣ ಲಾಕ್ ಆಗುತ್ತೆ."

ಗುರುಮಲ್ಲಪ್ಪನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಎರಡೂ ಮಷಿನ್ನುಗಳ ಪಕ್ಕೆಯನ್ನು ಹಲಸಿನ ಹಣ್ಣು ಬಡಿದು ನೋಡಿದ ಹಾಗೆ ಗೆಣ್ಣಿನಿಂದ ಬಡಿದು ನೋಡಿದ. ಬಸವಪ್ರಸಾದನದು ಟ್ರ್ಯಾಕ್ಟರ್ ಕೊಳ್ಳುವ ಧಾಟಿ. ಆರ್‌ಪಿಎಂ ಎಷ್ಟು, ಮೋಟಾರಿಗೆ ಎಷ್ಟು ವರ್ಷ ಗ್ಯಾರಂಟಿ, ಸ್ಟಾರ್ ಎಷ್ಟಿದೆ, ಬೋರಿನ ಗಡಸು ನೀರಿಗೆ ತಡೆಯುತ್ತಾ. ಒಂದು ವಾರ ಫೋನಿನಲ್ಲಿ ನೋಡಿದ ವಿದ್ಯೆಯನ್ನೆಲ್ಲ ಆ ಹುಡುಗಿಯ ಮುಂದೆ ಸುರಿದ. ಹುಡುಗಿಯೇನು ಕಮ್ಮಿಯೇ, ಒಂದೊಂದಕ್ಕೂ ಉತ್ತರ ಕೊಟ್ಟಳು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಅಂಗಿಗೆ ಹತ್ತುವ ಕರಿ ಅಂಟು ಹೋಗುತ್ತದಾ ಅಂತ ಕೇಳಿದ್ದಕ್ಕೆ ಮಾತ್ರ, "ಬಿಸಿನೀರಲ್ಲಿ ಹಾಕಿ ನೋಡ್ಬೇಕು ಅಣ್ಣ. ಪೂರ್ತಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ" ಅಂದಳು. ಈ ಹುಡುಗಿ ಪರವಾಗಿಲ್ಲ ಅಂದುಕೊಂಡಳು ಮಂಗಳಮ್ಮ.

ಅರ್ಧ ಗಂಟೆ ಇದೇ ನಡೆಯಿತು. ಬಟ್ಟೆ ಹಾಕಿ ತೆಗೆಯುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

"ಟಾಪ್ ಲೋಡೇ ಸರಿ ಕಣಪ್ಪ" ಎಂದು ಬಸವಪ್ರಸಾದ್ ತೀರ್ಮಾನ ಕೊಟ್ಟ. "ಅವ್ವನ ಮಂಡಿಗೆ ಬಗ್ಗಾಕಾಗಕಿಲ್ಲ. ನಮ್ಮ ಮಾವೋರ ಮನೇಲೂ ಅದೇ ಅದೆ. ಬಿಲ್ ಮಾಡಮ್ಮ."

"ವಸಿ ತಡೀಲಾ" ಎಂದಳು ಮಂಗಳಮ್ಮ.

ಕೈಚೀಲದಿಂದ ತನ್ನ ಟವೆಲನ್ನು ತೆಗೆದು, ಮೇಲಿನ ಮುಚ್ಚಳ ಎತ್ತಿ, ಒಳಕ್ಕೆ ಎಸೆದಳು. ಆಮೇಲೆ ಅದನ್ನು ತೆಗೆಯಲು ಬಲಗೈ ಇಳಿಬಿಟ್ಟಳು. ಮಂಗಳಮ್ಮ ನಾಲ್ಕು ಮುಕ್ಕಾಲು ಅಡಿ ಆಳು. ಕಂಕುಳವರೆಗೆ ಕೈ ಇಳಿದರೂ ಬೆರಳಿಗೂ ಟವೆಲಿಗೂ ನಡುವೆ ಒಂದು ಗೇಣು ಉಳಿಯಿತು. ತುದಿಗಾಲಲ್ಲಿ ನಿಂತಳು. ಭಾರ ಬಿಡಲು ಎಡಗೈಯನ್ನು ಅಂಚಿಗೆ ಊರಿದಳೋ ಇಲ್ಲವೋ, ಪ್ಲೇಟು ಕೂತ ಜಾಗದಲ್ಲಿ ಚುಳ್ ಅಂದು ಕಣ್ಣಲ್ಲಿ ನೀರೇ ಬಂತು.

ಬಸವಪ್ರಸಾದ್ ನಕ್ಕ. "ಬುಡವ್ವ, ನಾನ್ ತೆಕ್ಕೊಡ್ತೀನಿ."

"ನೀನಿಲ್ದಾಗ?"

"ಪುಷ್ಪಾ ಇಲ್ವೇ?" ಎಂದ ಗುರುಮಲ್ಲಪ್ಪ.

ಮಂಗಳಮ್ಮನಿಗೆ ಎಲ್ಲಿತ್ತೋ ಸಿಟ್ಟು! "ಪುಷ್ಪಾನೇ ತೆಗೆಯೋದಾದ್ರೆ ಈ ಐದು ತಿಂಗ್ಳಿಂದ ಆಯ್ತಾ ಇರೋದೇನ್ರೀ? ಅವಳ ಕೈಲಿ ನನ್ ಲಂಗ ಒಗೆಸ್ಕೊಂಡು ನನ್ ಪ್ರಾಣ ಓಗ್ತಾ ಅದೆ. ನಿಮ್ಗೇನ್ ಗೊತ್ತು? ಬಚ್ಚಲಲ್ಲಿ ಪಂಚೆ ಬಿಸಾಕಿ ಬರೋರಿಗೆ!"

ಅಂಗಡಿಯಲ್ಲಿ ಟಿವಿ ನೋಡುತ್ತಿದ್ದ ಗಿರಾಕಿಗಳು ಈ ಕಡೆ ತಿರುಗಿದರು. ಗುರುಮಲ್ಲಪ್ಪ ಹೆಗಲ ಮೇಲಿನ ಶಲ್ಯವನ್ನು ಸರಿಮಾಡಿಕೊಂಡ, ಅದು ಸರಿಯಾಗಿಯೇ ಇತ್ತು. ಇಷ್ಟು ದಿನ ಹೆಂಡತಿ ಹಿತ್ತಲಿಗೆ ಬೆನ್ನು ಹಾಕಿ ಕೂರುತ್ತಿದ್ದದ್ದು ಯಾಕೆ ಅಂತ ಅವನಿಗೆ ಆಗ ಹೊಳೆಯಿತು. ಪಾಪ, ಬಿಸಿಲಿಗೆ ಅಂದುಕೊಂಡಿದ್ದ.

ಪವಿತ್ರಾ ಮೆಲ್ಲಗೆ, "ಒಂದು ಸ್ಟೂಲ್ ಹಾಕ್ಕೊಂಡ್ರೆ ಅಮ್ಮ?" ಎಂದಳು.

"ಒದ್ದೆ ಬಚ್ಚಲಲ್ಲಿ ಸ್ಟೂಲಾ? ಒಂದ್ ಕೈ ಮುರ್ದಿರೋದು ಸಾಕು ಕಣವ್ವ."

ಸರಿ, ಮುಂದಿನ ಬಾಗಿಲಿನದನ್ನು ನೋಡೋಣ ಅಂತ ಅದರೆದುರು ಕುಕ್ಕರುಗಾಲಲ್ಲಿ ಕೂತಳು. ಕೂರುವುದೇನೋ ಕೂತಳು. ಟವೆಲು ಸಲೀಸಾಗಿ ಒಳಗೆ ಹೋಯಿತು, ಸಲೀಸಾಗಿ ಹೊರಗೆ ಬಂತು. ಆದರೆ ಏಳಬೇಕಲ್ಲ? ಮಂಡಿ ಕಟಕ್ಕೆಂದು ಅಲ್ಲೇ ಕಚ್ಚಿಕೊಂಡಿತು. ಅಪ್ಪ ಮಗ ಇಬ್ಬರೂ ಒಂದೊಂದು ರಟ್ಟೆ ಹಿಡಿದು ಎತ್ತಬೇಕಾಯಿತು.

ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದ ತಾಯಿಯ ಪಕ್ಕಕ್ಕೆ ಬಸವಪ್ರಸಾದ್ ಬಂದು ನಿಂತ. "ಎರಡೂ ಆಗಾಕಿಲ್ಲ ಅಂದ್ಮೇಲೆ ಇನ್ನೇನ್ ಮಾಡಾಣವ್ವ? ಬುಡು, ಒಗೆಯೋಕೆ ಯಾರ್ನಾದ್ರೂ ಗೊತ್ತುಮಾಡಾಣ" ಎಂದ. ಅಂದರೆ ಸೊಸೆಯ ಕೈಯಿಂದ ಇನ್ನೊಬ್ಬಳ ಕೈಗೆ! ಸೋಲೊಪ್ಪಿ ಎದ್ದು ಹೋಗುವ ಪೈಕಿಯಲ್ಲ ಅವಳು. ಅಂಗಡಿಯ ಮೂಲೆಮೂಲೆಗೂ ಕಣ್ಣಾಡಿಸಿದಳು.

ಕಿಟಕಿಯ ಬಳಿ, ರಸ್ತೆಯವರಿಗೆ ಕಾಣಲೆಂದು, ಒಂದು ಮಷಿನ್ನನ್ನು ಕಬ್ಬಿಣದ ಮೇಜಿನ ಮೇಲೆ ಏರಿಸಿ ಇಟ್ಟಿದ್ದರು. ಅದೂ ಮುಂದಿನ ಬಾಗಿಲಿನದೇ, ಆದರೆ ದುಂಡು ಬಾಗಿಲು ಹೊಟ್ಟೆಯ ಮಟ್ಟಕ್ಕೆ ಬಂದಿತ್ತು.

ಮಂಗಳಮ್ಮ ಕುಂಟುತ್ತಾ ಹೋಗಿ ಅದರ ಎದುರು ನಿಂತಳು. ಬಾಗಿಲು ಎಳೆದಳು. ಬಗ್ಗಲಿಲ್ಲ, ತುದಿಗಾಲಾಗಲಿಲ್ಲ. ಸುಮ್ಮನೆ ನಿಂತಲ್ಲೇ ನಿಂತು ಟವೆಲನ್ನು ಒಳಗಿಟ್ಟಳು, ತೆಗೆದಳು. ಇನ್ನೊಮ್ಮೆ ಇಟ್ಟಳು, ತೆಗೆದಳು. ಮುಖ ಅರಳಿತು.

"ಇದು ಕೊಡಿ."

"ಅಮ್ಮ, ಅದೂ ಇದೂ ಒಂದೇ" ಎಂದಳು ಪವಿತ್ರಾ. "ಮೇಜಿನ ಮೇಲಿದೆ, ಅಷ್ಟೇ."

"ಗೊತ್ತಾಯ್ತು ಬುಡವ್ವ, ನಂಗೇನ್ ಕಣ್ಣಿಲ್ವಾ? ಬಚ್ಚಲಲ್ಲಿ ಹಂಡೆನ ನೆಲದ ಮೇಲಾ ಇಟ್ಟಿರೋದು? ಒಲೆ ಕಟ್ಟಿ ಅದರ ಮೇಲೆ ಕೂರ್ಸಿಲ್ವಾ? ಅಂಗೇ ಇದ್ಕೂ ಒಂದು ಕಟ್ಟೆ ಕಟ್ಟಿದ್ರಾಯ್ತು."

ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಒಂದು ವಾರದ ಫೋನ್ ವಿದ್ಯೆಯಲ್ಲಿ ಈ ಮಾತು ಎಲ್ಲೂ ಬಂದಿರಲಿಲ್ಲ. ಪವಿತ್ರಾ ಮಾತ್ರ ಗಟ್ಟಿಯಾಗಿ ನಕ್ಕು, "ಆಗುತ್ತೆ ಅಮ್ಮ. ಆದ್ರೆ ಕಟ್ಟೆ ಗಟ್ಟಿ ಇರ್ಬೇಕು, ಮಟ್ಟವಾಗಿರ್ಬೇಕು. ಬಟ್ಟೆ ಹಿಂಡೋವಾಗ ಮಷಿನ್ ಅದುರುತ್ತೆ, ಕಟ್ಟೆ ಸೊಟ್ಟ ಇದ್ರೆ ಜಾರಿಕೊಂಡು ಬಂದ್ಬಿಡುತ್ತೆ" ಎಂದು ಅಳತೆ ಬರೆದುಕೊಟ್ಟಳು.

ಮಾರನೆಯ ದಿನವೇ ಗಾರೆ ಕೆಲಸದ ಚಿಕ್ಕಬೀರಯ್ಯ ಬಂದ. "ಎಷ್ಟೆತ್ತರ ಅವ್ವಾರೆ?" ಎಂದ. ಒಂದಡಿ ಸಾಕು ಅಂದ ಗುರುಮಲ್ಲಪ್ಪ, ಎರಡಡಿ ಇರಲಿ ಅಂದ ಬಸವಪ್ರಸಾದ್. ಮಂಗಳಮ್ಮ ಇಬ್ಬರನ್ನೂ ಪಕ್ಕಕ್ಕೆ ಸರಿಸಿ, ಬಚ್ಚಲ ಗೋಡೆಗೆ ಒತ್ತಿ ನಿಂತು, ಅಂಗೈಯನ್ನು ಹೊಕ್ಕುಳ ನೇರಕ್ಕೆ ಅಡ್ಡ ಹಿಡಿದಳು. "ಬಾಗಿಲ ನಡುಮಧ್ಯ ಇಲ್ಲಿಗ್ ಬರ್ಬೇಕು. ಮಿಕ್ಕಿದ್ ಲೆಕ್ಕ ನೀನೇ ಹಾಕ್ಕೊ." ಚಿಕ್ಕಬೀರಯ್ಯ ಇಟ್ಟಿಗೆ ಚೂರಿನಿಂದ ಗೋಡೆಗೆ ಗೀಟು ಎಳೆದು, ಅದರಲ್ಲಿ ಮಷಿನ್ನಿನ ಬಾಗಿಲ ಅಳತೆ ಕಳೆದು, ಒಂದೂವರೆ ಅಡಿಯ ಕಟ್ಟೆ ಎಬ್ಬಿಸಿದ. ಮಷಿನ್ನು ಜಾರದಿರಲಿ ಅಂತ ಮುಂದಕ್ಕೆ ಎರಡಂಗುಲದ ಅಂಚನ್ನೂ ಕೊಟ್ಟ. "ಇದರ ಮೇಲೆ ಎಮ್ಮೆ ನಿಲ್ಲಿಸಿ ಹಾಲು ಕರ್ಕೊಳಿ, ಅಳ್ಳಾಡಾಕಿಲ್ಲ" ಎಂದು ಹೇಳಿ ಹೋದ.

ಎಂಟು ದಿನ ಕಟ್ಟೆಗೆ ನೀರು ಹಾಕಿದ್ದೂ ಮಂಗಳಮ್ಮನೇ. ಅಷ್ಟು ದಿನ ಮಷಿನ್ನು ಪಡಸಾಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಇತ್ತು. ಕೂರಿಸಲು ಬಂದ ಕಂಪನಿಯ ಹುಡುಗ, ಇಂಥದ್ದು ಎಲ್ಲೂ ನೋಡಿಲ್ಲ ಅಂತ ಮೂಗು ಮುರಿದ. ಆಮೇಲೆ ಮಟ್ಟಗೋಲು ಇಟ್ಟು ನೋಡಿದರೆ ಅದರೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಮಷಿನ್ನಿನ ನೆತ್ತಿಯ ಮೇಲೆ ಒಂದು ಲೋಟ ನೀರಿಟ್ಟು ಜೋರಾಗಿ ತಿರುಗಿಸಿದ. ಒಂದು ಹನಿ ಚೆಲ್ಲಲಿಲ್ಲ. ಅವನು ಫೋನು ತೆಗೆದು ಕಟ್ಟೆಯ ಫೋಟೋ ಹೊಡೆದುಕೊಂಡ.

ಮರುದಿನ ಪುಷ್ಪಾ ಡೈರಿಗೆ ಹೋದ ಮೇಲೆ ಮಂಗಳಮ್ಮ ಮಿಂದು, ಒಗೆದ ಸೀರೆ ಉಟ್ಟು, ಬಿಚ್ಚಿದ್ದನ್ನೆಲ್ಲ ಒಂದೊಂದಾಗಿ ಆ ದುಂಡು ಬಾಗಿಲಿನೊಳಗೆ ಹಾಕಿದಳು. ಮಷಿನ್ನಿನ ಹೊಟ್ಟೆಯಲ್ಲಿ ಇನ್ನೂ ಎಷ್ಟೊಂದು ಜಾಗ! ಗೂಟದ ಮೇಲೆ ಸೊಸೆಯ ನೈಟಿ, ನಿನ್ನೆಯ ಸೀರೆ, ಒಳಬಟ್ಟೆ ಇದ್ದವು. ಐದು ತಿಂಗಳ ಋಣ ನೆನಪಾಗಿ ಅವನ್ನೂ ಹಾಕಿದಳು. ಗಂಡಸರ ಬಟ್ಟೆಯನ್ನೂ ತುರುಕಿ, ಮಗ ಹೇಳಿಕೊಟ್ಟ ಗುಂಡಿ ಒತ್ತಿದಳು. ಗಂಟೆಯ ಮೇಲೆ ಮಷಿನ್ನು ಕುಯ್ಯಿ ಕುಯ್ಯಿ ಅಂದು ನಿಂತಾಗ ಬಾಗಿಲು ತೆಗೆದು, ನಿಂತ ನಿಲುವಿನಲ್ಲೇ ಒಂದೊಂದಾಗಿ ಈಚೆಗೆ ಎಳೆದಳು. ಹಿಂಡಿದ್ದು ಅವಳ ಕೈಗಿಂತ ಬಿಗಿಯಾಗಿತ್ತು. ಒಪ್ಪಿಕೊಂಡಳು. ಬಲಗೈಯಿಂದ ಕೊಡವಿ ಕೊಡವಿ ಹಿತ್ತಲ ದಾರದ ಮೇಲೆ ಹರವಿದಳು. ಬಹಳ ದಿನದ ಮೇಲೆ ಹಿತ್ತಲಿಗೆ ಮುಖ ಮಾಡಿ ಕೂತು ಕಾಫಿ ಕುಡಿದಳು.

ಎಂಟು ಗಂಟೆಗೆ ಪುಷ್ಪಾ ಬಂದಳು. ರೂಢಿಯಂತೆ ಬಚ್ಚಲ ಬಕೆಟ್ಟಿಗೆ ಕೈ ಹಾಕಿದರೆ ಬರಿದು. ಗೂಟ ನೋಡಿದರೆ ಅದೂ ಬರಿದು. ಹಿತ್ತಲಿಗೆ ಬಂದು ದಾರ ನೋಡಿದ್ದೇ ಮುಖ ಕೆಂಪಾಯಿತು.

"ಅಯ್ಯೋ ಅತ್ತೆ! ನನ್ ಬಟ್ಟೆ ಯಾಕ್ರೀ ಮುಟ್ಟುದ್ರಿ? ನಾನೇ ಒಕ್ಕೊತಿದ್ನಲ್ಲಾ. ಒಳಬಟ್ಟೆನೆಲ್ಲಾ... ನಂಗ್ ಒಂಥರಾ ಆಯ್ತದೆ."

ಮಂಗಳಮ್ಮ ಲೋಟ ಕೆಳಗಿಟ್ಟಳು. "ಆಯ್ತದಲ್ವಾ?"

"ಊಂ ಮತ್ತೆ!"

"ನಂಗೂ ಐದು ತಿಂಗ್ಳು ಇಂಗೇ ಆಯ್ತಿತ್ತು ಕಣವ್ವ."

ನಾನೇನು ಬೇಜಾರು ಮಾಡ್ಕೊಂಡಿದ್ನಾ ಅಂತ ಪುಷ್ಪಾ ಹೇಳಲು ಹೊರಟಿದ್ದಳು. ಆ ಮಾತಿಗೆ ಈಗ ಅರ್ಥವಿಲ್ಲ ಅಂತ ಅವಳಿಗೇ ಗೊತ್ತಾಯಿತು. ಅತ್ತೆಯ ಪಕ್ಕದಲ್ಲಿ ಕೂತು, ಮುರಿದ ಮಣಿಕಟ್ಟಿನ ಮೇಲೆ ಸುಮ್ಮನೆ ಕೈ ಇಟ್ಟಳು. "ಯೋಳ್ಬಾರ್ದಿತ್ತಾ ಅತ್ತೆ?"

"ಯೋಳಿದ್ರೆ ನೀನು ನೊಂದ್ಕೊತಿದ್ದೆ. ಇವತ್ತು ಒಂದಿನ ನಿಂದು ನಾನ್ ಹಾಕಿದ್ದು. ನಾಳೆಯಿಂದ ಅವರವರ ಬಟ್ಟೆ ಅವರವರು. ನಿಮ್ ಮಾವಂಗೂ ಗುಂಡಿ ತೋರಿಸ್ಕೊಡ್ತೀನಿ."

ಮಧ್ಯಾಹ್ನದ ಮೇಲೆ ಮೋಡ ಕಟ್ಟಿತು. ಊರಂಚಿನ ನದಿಯ ಕಡೆಯಿಂದ ಗಾಳಿ ಎದ್ದು ದಾರದ ಮೇಲಿನ ಬಟ್ಟೆಯೆಲ್ಲ ಪಟಪಟ ಅನ್ನತೊಡಗಿತು. ಪುಷ್ಪಾ ಓಡಿ ಬಂದು ಮಾವನ ಪಂಚೆ, ಗಂಡನ ಅಂಗಿ, ತನ್ನ ನೈಟಿ, ಸೀರೆ ಎಲ್ಲವನ್ನೂ ಬಾಚಿಕೊಂಡಳು. ಕೊನೆಗೆ ಅತ್ತೆಯ ಸೀರೆ, ಲಂಗ ಉಳಿದವು. ಕೈ ಅತ್ತ ಹೋಯಿತು, ಹೋದದ್ದು ನಿಂತಿತು. ಮೊದಲ ಹನಿ ಅವಳ ತೋಳಿನ ಮೇಲೆ ಬಿತ್ತು.

"ಅತ್ತೇ!" ಎಂದು ಕೂಗಿದಳು. "ಮಳೆ ಬತ್ತದೆ. ನಿಮ್ ಬಟ್ಟೆ ಒಣಗವೆ, ಬಂದು ತಕ್ಕೊಳ್ಳಿ."

ಒಳಗಿನಿಂದ ಮಂಗಳಮ್ಮ, "ಬಂದೆ ಕಣವ್ವ, ಬಂದೆ" ಎನ್ನುತ್ತಾ, ಮಂಡಿ ನೋವನ್ನೂ ಮರೆತು ಹಿತ್ತಲಿಗೆ ಬಂದಳು.