ಅಪ್ಪ ಚಪ್ಪಾಳೆ ತಟ್ಟಿದ ಭಾಷಣ

ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ. ಆ ಊರಿನವರಿಗೆ ಸಾಯುವುದು ಚೆನ್ನಾಗಿ ಗೊತ್ತಿತ್ತು, ಗುಂಡಿ ತೋಡುವುದು ಗೊತ್ತಿರಲಿಲ್ಲ. ಅದಕ್ಕೇ ದೂರದೇಶದಿಂದ ಗುಂಡಿ ತೋಡುವವರನ್ನು ಕರೆಸಿಕೊಂಡರಂತೆ.

ನಮ್ಮಜ್ಜಿ ಕಥೆ ಶುರು ಮಾಡುವುದೇ ಹೀಗೆ. ಅವಳ ಕಥೆಯಲ್ಲಿ ಪ್ರತಿ ಗುಂಡಿಯ ತಳದಲ್ಲೂ ಒಂದು ಮೆಟ್ಟಿಲಿರುತ್ತಿತ್ತು. ಇಳಿದು ಹೋದರೆ ದೀಪ ಹಚ್ಚಿಟ್ಟ ಒಂದು ಊರು. ಅಲ್ಲಿ ಯಾರೂ ಯಾರನ್ನೂ ನೀನು ಎಲ್ಲಿಯವನು ಅಂತ ಕೇಳುವುದಿಲ್ಲ. ಅಪ್ಪ ದಿನಾ ಬೆಳಿಗ್ಗೆ ಗುದ್ದಲಿ ಹೊತ್ತು ಹುಡುಕಲು ಹೋಗುವುದು ಆ ಮೆಟ್ಟಿಲನ್ನೇ ಎಂದು ಚಿಕ್ಕವಳಿದ್ದಾಗ ನಂಬಿದ್ದೆ. ದೊಡ್ಡವಳಾಗಿ ನಾನೇ ಗುಂಡಿಗಿಳಿದ ಮೇಲೂ, ಗುದ್ದಲಿ ಕಲ್ಲಿಗೆ ತಾಗಿ ಠಣ್ ಅಂದರೆ ಒಂದು ಗಳಿಗೆ ಕೈ ನಿಲ್ಲುತ್ತದೆ. ಅಜ್ಜಿಯ ಕಥೆಯಲ್ಲಿ ಇಲ್ಲದವನು ಒಬ್ಬನೇ, ಮೇಲೆ ನಿಂತು ಬೈಯುವವನು.

"ಏಯ್ ಬೋಳಿಮಗಳೇ, ಒಳಗೆ ನಿಂತ್ಕೊಂಡು ಕನಸು ಕಾಣ್ತಿದೀಯೇನೇ? ಹೆಣ ಗೇಟಿಗೆ ಬಂತು. ನಿಮ್ಮಪ್ಪ ಸತ್ತ ಅಂತ ಊರೋರೆಲ್ಲ ಸಾಯೋದು ನಿಲ್ಲಿಸ್ತಾರಾ?"

ಅವನು ಸ್ಮಶಾನದ ಮೇಲ್ವಿಚಾರಕ. ಸೊಂಟದಲ್ಲಿ ಸದಾ ಬೀಗದಕೈಗಳ ಗೊಂಚಲು. ಅದಕ್ಕೇ ನಮ್ಮ ಸಾಲುಮನೆಯಲ್ಲಿ ಅವನ ಹೆಸರೇ ಗೊಂಚಲು. ಅಪ್ಪ ಸತ್ತು ಆಗಿನ್ನೂ ಒಂದು ದಿನವಾಗಿತ್ತು. ಮಳೆ ಬಿದ್ದ ನೆಲ, ಗುಂಡಿಯ ಗೋಡೆ ಒದ್ದೆಯಾಗಿದೆ, ಆನಿಸಲು ಹಲಗೆ ಕೊಡಿ ಅಂತ ಅಪ್ಪ ಕೇಳಿದ್ದ. "ಹಲಗೆ ಶವಪೆಟ್ಟಿಗೆಗೆ ಕಣೋ, ನಿನಗಲ್ಲ," ಅಂದಿದ್ದ ಗೊಂಚಲು. ಗೋಡೆ ಕುಸಿಯಿತು. ಮಣ್ಣು ತಾನಾಗಿಯೇ ಅಪ್ಪನನ್ನು ತೆಗೆದುಕೊಂಡಿತ್ತು. ನಾನೂ ಚಿಕ್ಕಪ್ಪನೂ ಕೈಯಲ್ಲೇ ಬಗೆದು ಹೊರಗೆ ತೆಗೆದೆವು. ಅದೇ ಗುಂಡಿಯನ್ನು ಒಪ್ಪ ಮಾಡಿಸಿ ಸಂಜೆಯೊಳಗೆ ಊರಿನ ಹಿರಿಯರೊಬ್ಬರನ್ನು ಮಲಗಿಸಿದರು. ಅಪ್ಪನನ್ನು ಮತ್ತೆ ಮಣ್ಣಿಗೆ ಹಾಕಲು ಮಾತ್ರ ಅಪ್ಪಣೆ ಬೇಕಂತೆ.

"ನಲ್ಲಿ ಪಕ್ಕ ಒಂಚೂರು ಜಾಗ ಸಾಕು," ಅಂದೆ ಗುಂಡಿಯೊಳಗಿಂದಲೇ.

"ಇದು ಊರೋರ ಜಾಗ. ಹೆದ್ದಾರಿ ಆಚೆ ಕಸ ಸುರಿಯೋ ಬಯಲಿದೆಯಲ್ಲ, ಅಲ್ಲಿ ಹಾಕ್ಕೊಳ್ಳಿ. ಯಾರು ಬೇಡ ಅಂದ್ರು?"

"ಅಪ್ಪನಿಗೆ ಮಾತು ಕೊಟ್ಟಿದೀನಿ."

"ನಾನು ಕೊಟ್ಟಿದೀನೇನೇ? ತೋಡು, ತೋಡು."

ಆ ಮಾತು ನಾನು ಕೊಟ್ಟದ್ದು ಒಂದು ಭಾಷಣದ ದೆಸೆಯಿಂದ. ಊರಿನಲ್ಲಿ ಒಬ್ಬ ಮುಂದಾಳು ಇದ್ದಾನೆ. ಊಟದ ಹೊತ್ತು ಬಿಟ್ಟರೆ ಮಿಕ್ಕ ಹೊತ್ತೆಲ್ಲ ಅವನ ಬಾಯಿಯ ಮುಂದೆ ಮೈಕು. ಮೈಕಪ್ಪ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಿಂದಿನ ಬೇಸಿಗೆಯಲ್ಲಿ ಅವನು ಚೌಕದಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದಾಗ ಅಪ್ಪ ತಳ್ಳುಗಾಡಿಯಲ್ಲಿ ಮಣ್ಣು ತುಂಬಿಕೊಂಡು ಆ ದಾರಿಯಲ್ಲಿ ಬಂದ. "ಈ ನೆಲ ಮಣ್ಣಿನ ಮಕ್ಕಳದ್ದು! ಇಲ್ಲಿ ಮಣ್ಣಿನ ಮಕ್ಕಳಿಗೇ ಮೊದಲ ಹಕ್ಕು!" ಎಂದು ಮೈಕಪ್ಪ ಕೂಗಿದ. ಹುಬ್ಬಿನವರೆಗೂ ಮಣ್ಣು ಮೆತ್ತಿಕೊಂಡಿದ್ದ ಅಪ್ಪ ಗಾಡಿ ಬಿಟ್ಟು ಎರಡೂ ಕೈಯೆತ್ತಿ ಚಪ್ಪಾಳೆ ಹೊಡೆದ. ಅಕ್ಕಪಕ್ಕದವರು ಬಿದ್ದುಬಿದ್ದು ನಕ್ಕರಂತೆ. ಅಪ್ಪನೂ ನಕ್ಕನಂತೆ.

ಮನೆಗೆ ಓಡಿಕೊಂಡೇ ಬಂದ. "ಅವ್ವಾ, ಇವತ್ತು ನಮ್ಮ ವಿಷಯ ಮಾತಾಡಿದ್ರು ಕಣವ್ವಾ. ಮೈಕಲ್ಲಿ!"

"ಯಾರೋ?" ಅಂದಳು ಅಜ್ಜಿ.

"ಆ ದೊಡ್ಡ ಮನುಷ್ಯ. ಮಣ್ಣಿನ ಮಕ್ಕಳಿಗೇ ಮೊದಲ ಹಕ್ಕಂತೆ. ನೀನೇ ಹೇಳು, ಈ ಊರಲ್ಲಿ ನಮ್ಮನ್ನ ಬಿಟ್ರೆ ಮಣ್ಣು ಮುಟ್ಟೋರು ಯಾರಿದಾರೆ? ಅವರ ಮಕ್ಕಳು ಕಾಲಿಗೆ ಧೂಳು ಹತ್ತಿದ್ರೆ ಅಳ್ತಾರೆ!"

ಇಲ್ಲೇ ಹುಟ್ಟಿ ಇಲ್ಲಿನ ಶಾಲೆಯಲ್ಲೇ ಓದಿದ ನನಗೆ ಆ ಮಾತಿನ ಅರ್ಥ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಅಜ್ಜಿ ಕಣ್ಣಲ್ಲೇ ಬಾಯಿ ಮುಚ್ಚಿಸಿದಳು. ಅಪ್ಪ ನನ್ನ ಕೈ ಹಿಡಿದು, "ನೋಡು ಮಗಾ, ಹಕ್ಕೇ ಇದೆ ಅಂದಮೇಲೆ ಹೆದರೋದೇನು? ನಾನು ಸತ್ರೆ ಗುದ್ದಲಿ ತೊಳೆಯೋ ನಲ್ಲಿ ಪಕ್ಕ ಹಾಕು. ಅಲ್ಲಿ ಮಣ್ಣು ಬೆಣ್ಣೆ ಥರ ಇದೆ, ನಿನಗೂ ಕಷ್ಟ ಆಗಲ್ಲ. ಮಾತು ಕೊಡು," ಅಂದ. ಕೊಟ್ಟೆ.

ಊರಿನ ಹೆಣವನ್ನು ಮುಚ್ಚಿ ನಾನು ಮನೆಗೆ ಬಂದಾಗ ಬಾಗಿಲಲ್ಲಿ ಕಾರು ನಿಂತಿತ್ತು. ಮನೆಯೊಳಗೆ ಅಯ್ಯೋಪಾಪ ಮೇಡಂ. ಈಕೆ ಮೈಕಪ್ಪನ ಕಟ್ಟಾ ವಿರೋಧಿ, ನಮ್ಮ ಕಟ್ಟಾ ಅಭಿಮಾನಿ. ಒಂದೇ ಕೋಣೆಯ ಮನೆ ನಮ್ಮದು. ಅಪ್ಪನನ್ನು ಹಲಗೆಯ ಮೇಲೆ ಮಲಗಿಸಿ ಒದ್ದೆ ಗೋಣಿ ಹೊದಿಸಿದ್ದೆವು. ಅಜ್ಜಿ ರಟ್ಟಿನ ತುಂಡಿನಿಂದ ನೊಣ ಓಡಿಸುತ್ತಿದ್ದಳು. ಮೇಡಂ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಪ್ರೀತಿ ಸುರಿಸುತ್ತಿದ್ದರು.

"ಅಯ್ಯೋ ಪಾಪ! ನಾನಂತೂ ನಿಮ್ಮವರನ್ನ ಎಷ್ಟು ಇಷ್ಟಪಡ್ತೀನಿ ಗೊತ್ತಾ ಅಜ್ಜೀ? ನಿಮ್ಮ ಹಾಡು, ನಿಮ್ಮ ಬಣ್ಣಬಣ್ಣದ ಬಟ್ಟೆ, ನಿಮ್ಮ ನಗು..."

"ನಮ್ಮ ಹೆಣ?" ಅಂದಳು ಅಜ್ಜಿ.

ಮೇಡಂ ಅದನ್ನು ಕೇಳಿಸಿಕೊಳ್ಳದೆ ನನ್ನ ಕಡೆ ತಿರುಗಿದರು. "ಮಧ್ಯಾಹ್ನ ಸಭೆ ಇಟ್ಟಿದೀವಮ್ಮಾ. 'ಕೂಡಿ ಬಾಳೋಣ' ಅಂತ. ಆ ಕಡೆಯೋರೂ ಬರ್ತಾರೆ. ಎಲ್ಲರ ಅಭಿಪ್ರಾಯ ಕೇಳಿ ಪ್ರೀತಿಯಿಂದ ತೀರ್ಮಾನ ಮಾಡೋಣ. ನೀನು ವೇದಿಕೆ ಮೇಲೆ ಎರಡು ಮಾತಾಡಬೇಕು. ಅಳು ಬಂದ್ರೆ ತಡ್ಕೋಬೇಡ, ಆಯ್ತಾ? ಮತ್ತೆ ಈ ಪ್ಯಾಂಟು ಬೇಡ. ನಿಮ್ಮ ದೇಶದ ಉಡುಪು ಹಾಕ್ಕೊಂಡು ಬಾ."

"ನಾನು ಹುಟ್ಟಿದ್ದು ಇಲ್ಲೇ ಮೇಡಂ."

"ಹೌದಾ! ಗೊತ್ತೇ ಆಗಲ್ಲ ನೋಡು. ಆದ್ರೂ ಒಂದು ಶಾಲಾದ್ರೂ ಹೊದ್ಕೊ."

"ಹೆಣ ಕಾಯಲ್ಲ ಮೇಡಂ. ಈಗಲೇ ವಾಸನೆ ಬರ್ತಿದೆ."

"ತಾಳ್ಮೆ ಇರಲಮ್ಮಾ. ನೀವು ಆತುರ ಮಾಡಿದ್ರೆ ಅವರಿಗೆ ಸಿಟ್ಟು ಬರುತ್ತೆ, ಆಮೇಲೆ ನಿಮ್ಮ ಪರವಾಗಿ ಮಾತಾಡೋದು ನಮಗೂ ಕಷ್ಟ."

ಕಾರು ಹೋಯಿತು. ಅಜ್ಜಿ ರಟ್ಟು ಕೆಳಗಿಟ್ಟಳು. "ಆ ಮೈಕಿನವನು ಬಾಗಿಲಲ್ಲೇ ಉಗೀತಾನೆ. ಇವಳು ಒಳಗೆ ಬಂದು, ಕೂತ್ಕೊಂಡು, ಉಗುಳನ್ನ ಅಂಗೈಗೆ ಹಾಕಿ ಹೋದಳು," ಅಂದಳು. ಆಮೇಲೆ ನನ್ನ ಮುಖ ನೋಡಿ, "ಸಭೆಗೆ ಎಲ್ಲರೂ ಹೋಗ್ತಾರೇನೇ?" ಅಂತ ಕೇಳಿದಳು.

"ಎಲ್ಲರೂ. ಗೊಂಚಲೂ ಹೋಗಬೇಕು, ಜಾಗದ ವಿವರ ಹೇಳೋಕೆ."

"ಹಾಗಿದ್ರೆ ನಿನ್ನ ಚಿಕ್ಕಪ್ಪನ್ನ ಕರಿ."

ಚಿಕ್ಕಪ್ಪ ಬಂದ, ಅವನ ಹಿಂದೆ ಸಾಲುಮನೆಯ ಗುಂಡಿ ಕೆಲಸದವರೆಲ್ಲ ಬಂದರು. ಸಭೆ ನಡೆಯುವಾಗಲೇ ಅಪ್ಪನನ್ನು ನಲ್ಲಿ ಪಕ್ಕ ಹಾಕುವುದು ಅಂತ ಕೇಳಿ ಚಿಕ್ಕಪ್ಪ ನನ್ನ ಕಡೆ ತಿರುಗಿದ. "ಕೆಲಸ ಹೋಗುತ್ತೆ ಕಣೇ. ಮನೆ ಬಿಡಿಸ್ತಾರೆ."

"ಬಿಡಿಸಲಿ. ನಿಮ್ಮಣ್ಣನ್ನ ಕಸದ ಬಯಲಿಗೆ ಹಾಕಿಬಂದು ಈ ಮನೇಲಿ ಊಟ ಮಾಡ್ತೀಯೇನೋ ಮುಂಡೇದೇ?" ಅಂದಳು ಅಜ್ಜಿ. ಚಿಕ್ಕಪ್ಪ ಹಲಗೆಯ ತಲೆಕಡೆ ಹಿಡಿದ.

ಹಾಡುಹಗಲು. ಗೇಟಿಗೆ ಬೀಗ ಹಾಕಿತ್ತು. ಗೇಟಿನ ಪಕ್ಕದ ಗೋಡೆ ಬಿದ್ದು ಎಷ್ಟೋ ಕಾಲವಾಗಿತ್ತು. ಅಪ್ಪನನ್ನು ನಲ್ಲಿಯ ಪಕ್ಕ ಇಳಿಸಿದೆವು. ನಮ್ಮ ಕೆಲಸದಲ್ಲಿ ಮೇಲಿನ ಕಪ್ಪು ಮಣ್ಣನ್ನು ಒಂದು ಕಡೆ, ತಳದ ಕೆಂಪು ಮಣ್ಣನ್ನು ಇನ್ನೊಂದು ಕಡೆ ಗುಡ್ಡೆ ಹಾಕುತ್ತೇವೆ. ಮುಚ್ಚುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಹಾಗೆ ಮಾಡಿದರೇ ನೆಲಕ್ಕೆ ಗಾಯ ಕಾಣುವುದಿಲ್ಲ. ನಾನು ಇಳಿದೆ. ಅಪ್ಪ ಹೇಳಿದ್ದು ನಿಜ, ಮಣ್ಣು ಬೆಣ್ಣೆಯಂತಿತ್ತು.

ಸಭಾಂಗಣ ಗೋಡೆಯಾಚೆಗೇ. ಒಳಗೆ ಜಾಗ ಸಿಗದವರಿಗೆ ಕೇಳಲಿ ಎಂದು ಹೊರಗೂ ಸ್ಪೀಕರು ಕಟ್ಟಿದ್ದರು.

"ನಮಗೆ ಯಾರ ಮೇಲೂ ದ್ವೇಷ ಇಲ್ಲ," ಅಂತ ಶುರು ಮಾಡಿದ ಮೈಕಪ್ಪ. "ಬರಲಿ, ದುಡೀಲಿ, ಹೋಗಲಿ. ಆದರೆ ಸತ್ತಮೇಲೂ ಇಲ್ಲೇ ಇರ್ತೀವಿ ಅಂದ್ರೆ? ಇದಕ್ಕೆ ಕೊನೆ ಎಲ್ಲಿ?" ಚಪ್ಪಾಳೆ.

ಇನ್ನೊಂದು ದನಿ, ವಯಸ್ಸಾದದ್ದು: "ನಮ್ಮ ತಂದೆಯವರು ಅಲ್ಲೇ ಮಲಗಿದ್ದಾರೆ. ಪಕ್ಕದಲ್ಲಿರೋರ ಭಾಷೆ ಅವರಿಗೆ ಅರ್ಥ ಆಗಬೇಕಲ್ಲ ಸ್ವಾಮೀ?"

"ಸತ್ತಮೇಲೆ ಹರಟೆ ಹೊಡೀತಾರಂತಾ ಇವರಪ್ಪ?" ಅಂದಳು ಅಜ್ಜಿ, ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು. ಚಿಕ್ಕಪ್ಪನಿಗೆ ನಗು ಬಂತು, ಅಳುವೂ ಬಂತು. ಬೆನ್ನು ತಿರುಗಿಸಿಕೊಂಡು ಮಣ್ಣು ಎಳೆದ.

ಆಮೇಲೆ ಮೇಡಂ. "ಅವರೂ ಮನುಷ್ಯರೇ ಅಲ್ಲವಾ? ನನ್ನ ಸಲಹೆ ಇಷ್ಟೇ. ಒಂದು ಪ್ರತ್ಯೇಕ ಮೂಲೆ ಮಾಡೋಣ. ಬಣ್ಣಬಣ್ಣದ ಹೂವಿನ ಗಿಡ, ಸುತ್ತ ಒಂದು ಪುಟ್ಟ ಬೇಲಿ. 'ಸೌಹಾರ್ದ ವನ' ಅಂತ ಹೆಸರಿಡೋಣ."

ಇದಕ್ಕೂ ಚಪ್ಪಾಳೆ. ಅದು ನಿಂತ ಮೇಲೆ ಮೈಕಪ್ಪ ಕೇಳಿದ, "ಬೇಲಿ ಎಷ್ಟು ಎತ್ತರ?"

ಅಷ್ಟು ಹೊತ್ತು ಹಾವು ಮುಂಗುಸಿಯಂತಿದ್ದವರು ಬೇಲಿಯ ವಿಷಯದಲ್ಲಿ ಒಂದಾದರು. ಉಳಿದದ್ದು ಎತ್ತರದ ಜಗಳ. ಮೊಣಕಾಲಿನವರೆಗೆ ಸಾಕು ಎಂದರು ಮೇಡಂ ಕಡೆಯವರು, ಕತ್ತಿನವರೆಗೆ ಬೇಕು ಎಂದರು ಮೈಕಪ್ಪನ ಕಡೆಯವರು. ಅವರು ಎದೆಯ ಮಟ್ಟಕ್ಕೆ ರಾಜಿಯಾಗುವ ಹೊತ್ತಿಗೆ ನನ್ನ ಗುಂಡಿಯೂ ನನ್ನ ಎದೆಯ ಮಟ್ಟಕ್ಕಿತ್ತು.

"ಈಗ ಮೃತರ ಮಗಳು ತನ್ನ ನೋವನ್ನು ಹಂಚಿಕೊಳ್ಳುತ್ತಾಳೆ," ಎಂದರು ಮೇಡಂ. "ಎಲ್ಲಿದ್ದೀಯಮ್ಮಾ? ವೇದಿಕೆಗೆ ಬಾ. ಸಂಕೋಚ ಬೇಡ." ಸ್ಪೀಕರು ಗೊರಗೊರ ಅಂದಿತು. "ಬಂದಿಲ್ವಾ? ಶಾಲು ಸಿಗಲಿಲ್ವೋ ಏನೋ. ಯಾರಾದ್ರೂ ಹೋಗಿ ಕರ್ಕೊಂಡು ಬನ್ನಿ."

ನಾವು ಅಪ್ಪನನ್ನು ಇಳಿಸಿದೆವು. ತಳ ಸಮ ಇದೆಯಾ ಎಂದು ಅಂಗೈಯಲ್ಲಿ ಸವರಿ ನೋಡಿ, ತಲೆಯ ಕೆಳಗೆ ಹಿಡಿ ಮಣ್ಣು ಒತ್ತಿಟ್ಟು ಮೇಲೆ ಬಂದೆ. ಕೆಂಪು ಮಣ್ಣು ಅರ್ಧ ಮುಗಿದಿರುವಾಗ ಗೊಂಚಲಿನ ಸದ್ದು ಕೇಳಿತು.

"ಏನ್ರೋ... ಏಯ್! ಹಲ್ಕಾ ನನ್ಮಕ್ಕಳಾ! ಯಾರನ್ನ ಕೇಳಿ ಹಾಕಿದ್ರಿ? ತೆಗೀರಿ ಹೊರಗೆ!"

ಯಾರೂ ನಿಲ್ಲಿಸಲಿಲ್ಲ. ಅವನ ಕೂಗಿಗೆ ಸಭೆಯೇ ಎದ್ದು ಬಂತು. ಮುಂದೆ ಮೈಕಪ್ಪ, ಪಕ್ಕದಲ್ಲಿ ಮೇಡಂ.

"ತೆಗೆಸಯ್ಯಾ ಅದನ್ನ!" ಎಂದ ಮೈಕಪ್ಪ.

"ತೆಗೆಸ್ತೀನಿ, ಈಗಲೇ ತೆಗೆಸ್ತೀನಿ," ಎಂದ ಗೊಂಚಲು. ತೆಗೆಸಲು ಆಳು ಬೇಕಲ್ಲ, ಸುತ್ತ ನೋಡಿದ. ಆಳುಗಳೆಲ್ಲ ಮಣ್ಣು ಎಳೆಯುತ್ತಿದ್ದರು.

"ಯಾರ ಕೈಲಿ ತೆಗೆಸ್ತೀರಿ?" ಅಂದೆ.

ಚಿಕ್ಕಪ್ಪ ತನ್ನ ಗುದ್ದಲಿಯ ಹಿಡಿಯನ್ನು ಅವನ ಕಡೆ ಚಾಚಿದ. "ತಗೊಳ್ಳಿ ಸ್ವಾಮೀ. ಇಳೀರಿ. ಹಲಗೆ ಆನಿಸಿಲ್ಲ, ನೋಡ್ಕೊಂಡು ಇಳೀರಿ."

ಗೊಂಚಲು ಹಿಡಿಯನ್ನು ಮುಟ್ಟಲಿಲ್ಲ. ಮೈಕಪ್ಪ ತನ್ನ ಹಿಂದಿದ್ದ ಮಣ್ಣಿನ ಮಕ್ಕಳ ಕಡೆ ತಿರುಗಿದ. ಒಬ್ಬೊಬ್ಬರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ಅಯ್ಯೋ ಪಾಪ, ಹೀಗೆ ಮಾಡಬಾರದಿತ್ತಮ್ಮಾ," ಎಂದರು ಮೇಡಂ. "ಉಪಸಮಿತಿ ಮಾಡೋದಕ್ಕೆ ಅವರು ಒಪ್ಪಿಯೇಬಿಟ್ಟಿದ್ರು. ಎಲ್ಲಾ ಹಾಳು ಮಾಡಿದೆ."

ಕೆಂಪು ಮುಗಿಯಿತು. ಕಪ್ಪು ಎಳೆದೆವು. ಬರಿಗಾಲಲ್ಲಿ ಸುತ್ತ ತುಳಿದು ಗಟ್ಟಿ ಮಾಡಿದೆವು; ಅಜ್ಜಿಯೂ ನನ್ನ ಹೆಗಲು ಹಿಡಿದು ಎದ್ದು ತುಳಿದಳು. ಕೊನೆಗೆ ಒಂದೇ ಬುಟ್ಟಿಯಷ್ಟು ಕಪ್ಪು ಮಣ್ಣು ಉಳಿಯಿತು. ಅದರ ಮೇಲೆ ಮೈಕಪ್ಪ ನಿಂತಿದ್ದ.

"ಕಾಲು ತೆಗೀರಿ," ಅಂದೆ.

ಅವನು ನನ್ನನ್ನು ನೋಡಿದ, ನನ್ನ ಕೈಯ ಗುದ್ದಲಿಯನ್ನು ನೋಡಿದ. ಒಂದು ಕಾಲು ತೆಗೆದ.

"ಇನ್ನೊಂದು."

ಅದನ್ನೂ ತೆಗೆದ. ಮಣ್ಣು ಕೆರೆದು ಬುಟ್ಟಿಗೆ ತುಂಬಿ ಅಪ್ಪನ ಮೇಲೆ ಸುರಿದು ಸಮ ಮಾಡಿದೆ.