ಹುಕ್ರಪ್ಪನ ಮೊದಲ ತಟ್ಟೆ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನೆದುರು ಹೋಟೆಲಿಟ್ಟಿದ್ದ ನೇಮಿರಾಜ ಹೆಗ್ಡೆಯ ನೀರುಳ್ಳಿ ಬಜೆಗೆ, ಅಂದರೆ ಈರುಳ್ಳಿ ಬಜ್ಜಿಗೆ, ಬಸದಿ ನೋಡಲು ಬಂದ ಪರವೂರಿನವರೆಲ್ಲ ಮುಗಿಬೀಳುತ್ತಿದ್ದರು. ನೇಮಿರಾಜನಾದರೋ ಅಪ್ಪಟ ಜೈನ. ಹುಟ್ಟಿದಂದಿನಿಂದ ನೀರುಳ್ಳಿಯನ್ನು ಬಾಯಿಗಿಟ್ಟವನಲ್ಲ. ಗಿರಾಕಿಗಳು ಕೇಳಿದ್ದನ್ನು ಕೊಡದಿದ್ದರೆ ಹೋಟೆಲು ನಡೆಯುವುದು ಹೇಗೆ! ತಾನೇ ರುಚಿ ನೋಡುವಂತಿಲ್ಲ, ಹಾಗಾಗಿ ಸಂಜೆ ಪೆಟ್ರೋಮ್ಯಾಕ್ಸ್ ಹಚ್ಚುವ ಹೊತ್ತಿಗೆ ಮೊದಲ ಬಜೆ ಹೋಗುತ್ತಿದ್ದುದು ಬಸ್ ಏಜೆಂಟ್ ಹುಕ್ರಪ್ಪನ ತಟ್ಟೆಗೆ. ಬಾಣಲೆಯ ಹಿಂದೆ ನಿಂತು ನೇಮಿರಾಜ ಅವನ ಮುಖವನ್ನೇ ನೋಡುವನು. ಹುಕ್ರಪ್ಪ ನೀರಿನ ಲೋಟಕ್ಕೆ ಕೈಹಾಕಿದರೆ ಖಾರ ಹೆಚ್ಚಾಯಿತು. ಚಟ್ನಿ ಕೇಳಿದರೆ ಉಪ್ಪು ಸಾಲದು. ಕಣ್ಣು ಮುಚ್ಚಿದರೆ ಎಲ್ಲ ಸರಿ.

ಒಂದು ದಿನ ಬೊಂಬಾಯಿಯಲ್ಲಿ ದೊಡ್ಡ ಹೋಟೆಲಿದ್ದ ಶೆಟ್ಟರೊಬ್ಬರು ಬಂದು ಮೂರು ಪ್ಲೇಟು ಮುಗಿಸಿದರು.

“ಹೆಗ್ಡೇರೇ, ಬೊಂಬಾಯಿಯಲ್ಲಿ ರಾತ್ರಿಯಿಡೀ ತಿನ್ನುವ ಜನ ಉಂಟು. ನನ್ನ ಹೋಟೆಲಿಗೆ ಬನ್ನಿ, ಈ ಬಜೆಯೊಂದರಲ್ಲೇ ಹೆಸರು ಮಾಡ್ತೀರಿ.”

ನೇಮಿರಾಜನ ಎದೆ ಉಬ್ಬಿತು. ಮೂಲೆಯ ಬೆಂಚಿನತ್ತ ತಿರುಗಿ, “ಹುಕ್ರಪ್ಪ, ಬೊಂಬಾಯಿಗೆ ಹೋಗುವಾ ಮಾರಾಯ?” ಎಂದು ಕೇಳಿದ.

ಬಾಯಿತುಂಬ ಬಜೆ ತುಂಬಿಕೊಂಡಿದ್ದ ಹುಕ್ರಪ್ಪ ಮುಚ್ಚಿದ ಕಣ್ಣು ತೆರೆಯದೆಯೇ ಅಡ್ಡಡ್ಡ ತಲೆಯಾಡಿಸಿದ.

ನೇಮಿರಾಜ ನಗುತ್ತ ಬಾಣಲೆಗೆ ಮತ್ತೊಂದು ಹಿಡಿ ಹಿಟ್ಟು ಬಿಟ್ಟ.

“ಆಗುವುದಿಲ್ಲ ಶೆಟ್ಟರೇ. ನನ್ನ ನಾಲಗೆ ಊರು ಬಿಟ್ಟು ಬರುವುದಿಲ್ಲವಂತೆ.”